ಮುಧೋಳದ ಮರಿಗೆ ಮೊದಲ ಪಾಠಗಳು: ತರಬೇತಿಯ ದಾಖಲೆ

ಮುಧೋಳ ತಳಿಯ ಹೆಣ್ಣು ಮರಿಯೊಂದು ಬೇಸಿಗೆಯ ಕೊನೆಯಲ್ಲಿ ಧಾರವಾಡದ ನಮ್ಮ ಮನೆಗೆ ಬಂದಿತು. ಮುಧೋಳ ತಾಲ್ಲೂಕಿನ ರೈತರೊಬ್ಬರ ಮನೆಯಲ್ಲಿ ಹುಟ್ಟಿದ ಈ ಮರಿಯನ್ನು ಎಂಟು ವಾರ ತುಂಬುವವರೆಗೆ ತಾಯಿಯ ಬಳಿಯಲ್ಲೇ ಬಿಟ್ಟು ಆಮೇಲೆ ತಂದೆವು. ಎಷ್ಟು ಜೋರಾಗಿ ಕಚ್ಚಿದರೆ ಎದುರಿನ ಮರಿ ಚೀರಿ ಆಟ ಬಿಡುತ್ತದೆ ಎಂಬುದನ್ನು ಮರಿಗಳು ಒಡಹುಟ್ಟಿದವುಗಳ ಜೊತೆ ಆಡುತ್ತಾ ಕಲಿಯುವುದು ಆ ವಾರಗಳಲ್ಲೇ ಆದ್ದರಿಂದ, ಐದು ವಾರದ ಮರಿಯನ್ನು ಮುದ್ದಾಗಿದೆ ಎಂದು ಎತ್ತಿಕೊಂಡು ಬರುವ ಅವಸರ ಯಾರಿಗೂ ಬೇಡ. ಈಗ ಮರಿಗೆ ಎಂಟನೆಯ ತಿಂಗಳು ನಡೆಯುತ್ತಿದೆ. ಕರೆದಾಗ ಬರುವುದು, ಹೇಳಿದ ಜಾಗದಲ್ಲಿ ಮಲಗುವುದು, ಬಾಗಿಲಲ್ಲಿ ತಡೆದು ನಿಲ್ಲುವುದು, ಬಾಯಲ್ಲಿರುವುದನ್ನು ಬಿಡುವುದು, ಹಗ್ಗ ಜಗ್ಗದೆ ನಡೆಯುವುದು, ಇವಿಷ್ಟನ್ನು ಯಾವ ಕ್ರಮದಲ್ಲಿ ಕಲಿಸಿದೆವು, ಎಲ್ಲಿ ಕೆಲಸ ನಿಂತುಹೋಯಿತು, ಏನನ್ನು ಬದಲಿಸಿದ ಮೇಲೆ ಮುಂದುವರಿಯಿತು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮುಧೋಳ ನಾಯಿ ಬೇಟೆಗೆ ಸೈ, ಮಾತು ಕೇಳುವುದಕ್ಕಲ್ಲ ಎಂಬ ಅಭಿಪ್ರಾಯ ನಮ್ಮ ಕಡೆ ಆಳವಾಗಿ ಬೇರೂರಿದೆ. ನಾನು ಅದನ್ನು ಒಪ್ಪುವುದಿಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿ ಹೆಸರು ತಂದುಕೊಟ್ಟ ಈ ತಳಿಯ ಮರಿಗಳನ್ನು 2016ರಲ್ಲಿ ಭಾರತೀಯ ಸೇನೆ ತರಬೇತಿಗೆಂದು ಮೀರಠ್‌ಗೆ ಒಯ್ದಿತು. ಕಲಿಯಲಾರದ ನಾಯಿಯ ಮೇಲೆ ಸೇನೆ ಅಷ್ಟು ಶ್ರಮ ಹಾಕುತ್ತಿರಲಿಲ್ಲ. ತೊಂದರೆ ಬರುವುದು ಪಾಠದಿಂದ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ ಪಾಠವನ್ನು, ಕಣ್ಣಿನಿಂದಲೇ ಬೇಟೆ ಹಿಡಿಯುವ, ಮೈಮೇಲೆ ಕೊಬ್ಬಿಲ್ಲದ, ಒಂದು ಗದರಿಕೆಗೆ ಮುದುಡಿಕೊಳ್ಳುವ ನಾಯಿಯ ಮೇಲೆ ಹಾಗೆಯೇ ಹೇರಿದರೆ ಅದು ಕಲಿಯದು, ಕಲಿಸುವವರು ಅದನ್ನು ಮೊಂಡು ಎನ್ನುತ್ತಾರೆ. ನಾಯಿಯ ಮೈಕಟ್ಟನ್ನೂ ಸ್ವಭಾವವನ್ನೂ ನೋಡಿ ಪಾಠವನ್ನು ಹೊಲಿಯಬೇಕು. ಈ ದಾಖಲೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಅದೇ.

ನೆಲ, ಕೌದಿ, ಅಡುಗೆಮನೆ

ನಮ್ಮ ಪಡಸಾಲೆಗೆ ಹಾಕಿರುವುದು ನುಣುಪಾದ ವಿಟ್ರಿಫೈಡ್ ಟೈಲ್ಸ್. ಅದರ ಮೇಲೆ ಮರಿ ಓಡಿದಾಗ ಹಿಂಗಾಲುಗಳು ಎರಡೂ ಬದಿಗೆ ಜಾರಿ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು. ಬೆಳೆಯುವ ಕೀಲುಗಳಿಗೆ ಇದು ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯವಾಗಿ, ಜಾರಿ ಬೀಳುವ ಭಯವಿರುವ ನೆಲದ ಮೇಲೆ ಯಾವ ಮರಿಯೂ ಕರೆದವರ ಕಡೆಗೆ ಮನಸಾರೆ ಓಡಿ ಬರುವುದಿಲ್ಲ. ಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಹಳೆಯ ಜಮಖಾನೆಗಳನ್ನು ಹಾಸಿ, ಅವು ಸರಿಯದಂತೆ ಕೆಳಗೆ ರಬ್ಬರ್ ಹಾಳೆ ಇಟ್ಟೆವು.

ಮರಿಯ ಸ್ವಂತ ಜಾಗಕ್ಕೆ ಅವ್ವ ಹೊಲಿದ ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಅಂಚು ಹೊಲಿದೆವು. ಪೇಟೆಯ ನಾಯಿ ಹಾಸಿಗೆಗಿಂತ ಇದು ಮೂರು ಕಾರಣಕ್ಕೆ ಮೇಲು: ಒಗೆಯಬಹುದು, ಮಡಚಿ ಎಲ್ಲಿಗಾದರೂ ಒಯ್ಯಬಹುದು, ಮುಧೋಳದಂಥ ನಾಯಿಯ ಮೊಣಕೈ ಮತ್ತು ಸೊಂಟದ ಮೂಳೆಗಳಿಗೆ ಬೇಕಾದ ಮೆತ್ತನೆಯ ದಪ್ಪ ಅದರಲ್ಲಿದೆ. ಈ ಕೌದಿ ಮುಂದೆ ಇಡೀ ತರಬೇತಿಯ ಕೇಂದ್ರವಾಯಿತು. ಅದರ ಮೇಲೆ ಮಲಗಿದ ಮರಿಯನ್ನು ಯಾರೂ ಎಬ್ಬಿಸಬಾರದು, ಎತ್ತಬಾರದು, ಬೈಯಬಾರದು ಎಂಬ ನಿಯಮವನ್ನು ಮೊದಲ ದಿನವೇ ಮಾಡಿದೆವು, ಮನೆಗೆ ಬಂದುಹೋಗುವ ಮಕ್ಕಳಿಗೂ ಹೇಳಿದೆವು.

ಅಡುಗೆಮನೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ನಾಯಿಗೆ ರೊಟ್ಟಿ ಹಾಕುವುದು ರೂಢಿ. ಬರೀ ಜೋಳದ ರೊಟ್ಟಿಯಿಂದ ಅಪಾಯವಿಲ್ಲ, ಆದರೆ ಅದಕ್ಕೆ ಹತ್ತಿದ ಬಳ್ಳೊಳ್ಳಿ ಚಟ್ನಿ, ಪಲ್ಯದೊಳಗಿನ ಉಳ್ಳಾಗಡ್ಡಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ವಿಜಯಪುರದ ಒಣದ್ರಾಕ್ಷಿ ವರ್ಷವಿಡೀ ಡಬ್ಬಿಯಲ್ಲಿರುವ ನಮ್ಮಂಥ ಮನೆಗಳಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಚಾಕೊಲೇಟ್ ಕೂಡ ಅದೇ ಸಾಲಿಗೆ ಸೇರುತ್ತದೆ. ಪಾಠದ ತಿನಿಸಾಗಿ ನಾವು ಇಟ್ಟುಕೊಂಡದ್ದು ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿಭಾಗ, ಸ್ವಲ್ಪ ಪನೀರ್. ತುಂಡು ಬಟಾಣಿಯ ಅರ್ಧದಷ್ಟಿರಬೇಕು. ದಿನದ ಆಹಾರದಲ್ಲಿ ಇಂಥ ತಿನಿಸಿನ ಪಾಲು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಾಗದಂತೆ ನೋಡಿಕೊಂಡು, ಉಳಿದ ಪಾಠಗಳಿಗೆ ಮರಿಯ ಮಾಮೂಲಿ ಊಟದ ಕಾಳುಗಳನ್ನೇ ಬಳಸಿದೆವು.

ಆಜ್ಞೆಗಳ ಆಯ್ಕೆ

ಮರಿಗೆ ಚಿಗರಿ ಎಂದು ಹೆಸರಿಟ್ಟೆವು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರಿರುವುದರಿಂದ ಬೇಡ ಎಂದು ಮಗಳು ವಾದಿಸಿದಳು, ಆದರೆ ನಾವು ಕೊಡಬೇಕೆಂದಿದ್ದ ಯಾವ ಆಜ್ಞೆಯ ಸ್ವರಕ್ಕೂ ಹೋಲದ ಹೆಸರು ಅದೊಂದೇ ಆಗಿತ್ತು.

ಆಜ್ಞೆಗಳ ವಿಷಯದಲ್ಲಿ ಕೂತು ಯೋಚಿಸಿದ್ದು ಬಹಳ ಉಪಯೋಗಕ್ಕೆ ಬಂತು. ನಮ್ಮ ಮನೆಮಾತಿನಲ್ಲಿ ಕುಂದ್ರು, ನಿಂದ್ರು ಎರಡೂ ಒಂದೇ ರೀತಿ ಮುಗಿಯುತ್ತವೆ, ಮರಿಯ ಕಿವಿಗೆ ಅವೆರಡನ್ನೂ ಬೇರ್ಪಡಿಸುವುದು ಕಷ್ಟ. ಹೀಗಾಗಿ ನಿಂದ್ರು ಎಂಬುದನ್ನು ಕೈಬಿಟ್ಟು, ತಡೆಯುವುದಕ್ಕೆ ‘ತಡಿ’ ಎಂದು ಇಟ್ಟುಕೊಂಡೆವು. ಮಲಗಲು ‘ಮಲ್ಕೋ’, ಬಾಯಿಂದ ಬಿಡಲು ‘ಬಿಡು’, ಕೌದಿಗೆ ಹೋಗಲು ‘ಜಾಗಾ’. ‘ಬಾ’ ಎಂಬುದನ್ನು ಮಾತ್ರ ಬೇಕೆಂದೇ ಬಳಸಲಿಲ್ಲ. ಊಟಕ್ಕೆ ಬಾ, ಒಳಗೆ ಬಾ, ಇಲ್ಲಿ ಬಾರವ್ವಾ ಎಂದು ಮನೆಯಲ್ಲಿ ದಿನವಿಡೀ ಎಲ್ಲರೂ ಎಲ್ಲರಿಗೂ ಹೇಳುತ್ತಿರುವಾಗ ಮರಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳದಿರಲು ಬಹುಬೇಗ ಕಲಿಯುತ್ತದೆ. ಕರೆಯಲು ಆಟದ ಮೈದಾನದಲ್ಲಿ ಬಳಸುವ ಸಣ್ಣ ಪ್ಲಾಸ್ಟಿಕ್ ಸೀಟಿ ತಂದೆವು. ಯಾರು ಊದಿದರೂ ಅದರ ಧ್ವನಿ ಒಂದೇ, ಅದರಲ್ಲಿ ಸಿಟ್ಟು ಕೇಳಿಸುವುದಿಲ್ಲ, ಗಾಳಿಗೆದುರಾಗಿಯೂ ದೂರ ಹೋಗುತ್ತದೆ.

ಇವೆಲ್ಲಕ್ಕೂ ಮೊದಲು ಬೇಕಾದದ್ದು ‘ನೀನು ಈಗ ಮಾಡಿದ್ದು ಸರಿ’ ಎಂದು ಆ ಕ್ಷಣದಲ್ಲೇ ಮರಿಗೆ ತಿಳಿಸುವ ಗುರುತು. ಹಲವರು ಇದಕ್ಕೆ ಒತ್ತಿದರೆ ‘ಟಿಕ್’ ಎನ್ನುವ ಕ್ಲಿಕ್ಕರ್ ಬಳಸುತ್ತಾರೆ. ಅದು ಒಳ್ಳೆಯ ಸಾಧನವಾದರೂ ಮನೆಯ ಎಲ್ಲರ ಕೈಯಲ್ಲಿ ಎಲ್ಲ ಹೊತ್ತಿನಲ್ಲಿ ಇರುವುದಿಲ್ಲ. ನಾವು ‘ಭೇಷ್’ ಎಂಬುದನ್ನು ಆರಿಸಿಕೊಂಡೆವು, ಚಿಕ್ಕದು, ಚುರುಕಾದದ್ದು, ಅವ್ವನ ಬಾಯಿಗೆ ತಾನಾಗಿ ಬರುವಂಥದ್ದು. ಮೊದಲು ಮರಿಯಿಂದ ಏನನ್ನೂ ಕೇಳದೆ ‘ಭೇಷ್’ ಎನ್ನುವುದು, ಒಡನೆಯೇ ಒಂದು ತುಂಡು ಕೊಡುವುದು, ಇಷ್ಟನ್ನೇ ಮತ್ತೆ ಮತ್ತೆ ಮಾಡಿದೆವು. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವ ಪಾವ್ಲೋವ್‌ನ ತತ್ವವೇ ಇಲ್ಲಿ ಕೆಲಸ ಮಾಡುತ್ತದೆ. ಬೇರೆಡೆ ನೋಡುತ್ತಿದ್ದ ಮರಿ ‘ಭೇಷ್’ ಕೇಳಿದೊಡನೆ ತಟ್ಟನೆ ತಿರುಗಿ ಕೈ ನೋಡತೊಡಗಿದಾಗ ಗುರುತು ಕುಳಿತಿದೆ ಎಂದು ತಿಳಿಯಬಹುದು. ಕೆಲಸ ನಡೆದ ಒಂದು ಸೆಕೆಂಡಿನೊಳಗೆ ಅದನ್ನು ಹೇಳಬೇಕು. ತಡವಾದರೆ ಮರಿ ಆ ಹೊತ್ತಿಗೆ ಕತ್ತು ತಿರುಗಿಸಿದ್ದನ್ನೋ ಎದ್ದದ್ದನ್ನೋ ಸರಿಯೆಂದು ತಿಳಿಯುತ್ತದೆ.

ಮಳೆಗಾಲದಲ್ಲಿ ಶೌಚದ ಪಾಠ

ಈ ಪಾಠದ ತತ್ವ ಸರಳ: ಮರಿ ತಪ್ಪು ಜಾಗದಲ್ಲಿ ಮಾಡುವ ಅವಕಾಶವೇ ಬಾರದಂತೆ ನೋಡಿಕೊಂಡು, ಸರಿಯಾದ ಜಾಗದಲ್ಲಿ ಮಾಡಿದಾಗ ಅಲ್ಲೇ ನಿಂತು ತಿನಿಸು ಕೊಡುವುದು. ನಿದ್ದೆಯಿಂದ ಎದ್ದಾಗ, ಊಟವಾದ ಮೇಲೆ, ಆಟದ ನಡುವೆ ಇದ್ದಕ್ಕಿದ್ದಂತೆ ನೆಲ ಮೂಸಿ ಸುತ್ತು ಹಾಕತೊಡಗಿದಾಗ ಹೊರಗೆ ಒಯ್ಯಬೇಕು. ಹಗಲು ಹೊತ್ತಿನಲ್ಲಿ ಮರಿ ತಡೆದುಕೊಳ್ಳಬಲ್ಲ ಗಂಟೆಗಳ ಮಿತಿ ಅದರ ವಯಸ್ಸಿನ ತಿಂಗಳುಗಳಿಗೆ ಒಂದು ಕೂಡಿಸಿದಷ್ಟು ಎಂಬ ಲೆಕ್ಕವಿದೆ. ಅದು ಗರಿಷ್ಠ ಮಿತಿ, ಎಚ್ಚರವಿರುವ ಎರಡು ತಿಂಗಳ ಮರಿಯನ್ನು ಗಂಟೆಗೊಮ್ಮೆ ಒಯ್ದರೆ ಒಳ್ಳೆಯದು. ರಾತ್ರಿ ನಡುವೆ ಒಮ್ಮೆ ಎದ್ದು, ದೀಪ ಹೆಚ್ಚು ಹಾಕದೆ, ಮಾತಾಡಿಸದೆ ಒಯ್ದು ತರುತ್ತಿದ್ದೆವು.

ಹಿತ್ತಲಿನ ಕರಿಬೇವಿನ ಗಿಡದ ಬಳಿ ಮರಳು ಹಾಕಿ ಜಾಗ ಮಾಡಿದ್ದೆವು, ಜೂನ್ ತಿಂಗಳವರೆಗೆ ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ಮುಧೋಳದ ಚರ್ಮ ತೆಳುವು, ಕೂದಲು ಗಿಡ್ಡ, ಹನಿ ಬಿದ್ದರೆ ಸಹಿಸದು. ಹಿತ್ತಲ ಬಾಗಿಲಲ್ಲಿ ಒಂದು ಮುಂಗಾಲು ಎತ್ತಿ, ಹೊರಗೆ ನೋಡಿ, ಹಿಂದಕ್ಕೆ ಸರಿದು, ಬಚ್ಚಲಿನ ಪಕ್ಕದಲ್ಲೇ ಕೂತುಬಿಡುತ್ತಿತ್ತು. ಗದರಿಸುವುದರಿಂದ ಇದು ಸರಿಹೋಗದು. ಗದರಿಸಿದರೆ ಮರಿ ಮಂಚದ ಕೆಳಗೆ ಕದ್ದು ಮಾಡುವುದನ್ನು ಕಲಿಯುತ್ತದೆ. ಮೂಗನ್ನು ಅದಕ್ಕೆ ಉಜ್ಜುವ ಹಳೆಯ ಪದ್ಧತಿಯಂತೂ ಕ್ರೂರ ಮತ್ತು ನಿಷ್ಪ್ರಯೋಜಕ. ಹಿತ್ತಲ ಗೋಡೆಯಿಂದ ನಾಲ್ಕು ಬಿದಿರು ಗಳಗಳ ಮೇಲೆ ತಗಡು ಹೊದಿಸಿ, ಮರಳನ್ನು ಅದರಡಿಗೆ ಸಾಗಿಸಿ, ಬಾಗಿಲಿಂದ ಅಲ್ಲಿಗೆ ಒಣ ದಾರಿ ಮಾಡಿದೆವು. ಹಳೆಯ ಮರಳಿನಲ್ಲಿ ಅದರದೇ ವಾಸನೆ ಇದ್ದುದರಿಂದ ಜಾಗ ಬದಲಾದದ್ದು ಅದಕ್ಕೆ ತೊಡಕಾಗಲಿಲ್ಲ.

ಒಳಗೆ ಮಾಡಿದ ಜಾಗವನ್ನು ಫಿನೈಲ್ ಹಾಕಿ ಒರೆಸುವುದರಿಂದ ನಮ್ಮ ಮೂಗಿಗಷ್ಟೇ ಸಮಾಧಾನ, ಮರಿಯ ಮೂಗಿಗೆ ಮೂತ್ರದ ವಾಸನೆ ಉಳಿದೇ ಇರುತ್ತದೆ, ಫಿನೈಲ್ ನೆಕ್ಕಿದರೆ ಅಪಾಯವೂ ಇದೆ. ಮೊದಲು ಬಟ್ಟೆಯಿಂದ ಹೀರಿಸಿ, ನೀರಿನಿಂದ ತೊಳೆದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣದಿಂದ ಒರೆಸಿದರೆ ವಾಸನೆಯ ಮೂಲವೇ ಕರಗುತ್ತದೆ.

ಕುಂದ್ರು ಎಂಬ ಪಾಠ ನಿಂತುಹೋದದ್ದು

ಎಲ್ಲ ಪುಸ್ತಕಗಳಲ್ಲೂ ಮೊದಲ ಪಾಠ ಕೂರುವುದು. ತಿನಿಸನ್ನು ಮೂಗಿನ ಮುಂದೆ ಹಿಡಿದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ, ಮೂಗು ಮೇಲೇಳುತ್ತಿದ್ದಂತೆ ಹಿಂಭಾಗ ಕೆಳಗಿಳಿಯುತ್ತದೆ. ಹೆಚ್ಚಿನ ಮರಿಗಳಲ್ಲಿ ಇದು ಮಾಟ ಮಾಡಿದಷ್ಟು ಸುಲಭ. ಚಿಗರಿ ಮಾತ್ರ ಹಿಂದಕ್ಕೆ ಹೆಜ್ಜೆ ಹಾಕುತ್ತಿತ್ತು, ಇಲ್ಲವೇ ಬೆನ್ನು ಬಾಗಿಸಿ ಅರ್ಧಕ್ಕೆ ಇಳಿದು, ಪೃಷ್ಠ ನೆಲಕ್ಕೆ ತಾಗುವ ಮುನ್ನವೇ ಎದ್ದು ನಿಲ್ಲುತ್ತಿತ್ತು.

ಮರಿಯ ಪಕ್ಕದಲ್ಲಿ ನೆಲಕ್ಕೆ ತಲೆ ತಾಗಿಸಿ ಮಲಗಿ ಗಮನಿಸಿದಾಗ ಕಾರಣ ಗೋಚರಿಸಿತು. ಈ ತಳಿಯ ತೊಡೆ ಉದ್ದ, ಸ್ನಾಯು ಬಿಗಿ, ಎದೆ ಆಳ, ಕುಂಡೆಯ ಮೇಲೆ ಮಾಂಸವಿಲ್ಲ. ಮಡಚಿದ ಹಿಂಗಾಲುಗಳ ಮೇಲೆ ಭಾರ ಹಾಕಿ ಕೂತಾಗ ಹಿಮ್ಮಡಿಯ ಮೂಳೆ ನೇರವಾಗಿ ಟೈಲ್ಸ್‌ಗೆ ಒತ್ತುತ್ತಿತ್ತು, ಮುಂಗಾಲು ಒಂದೊಂದೇ ಅಂಗುಲ ಮುಂದಕ್ಕೆ ಜಾರುತ್ತಿತ್ತು. ಓಟಕ್ಕೆಂದೇ ರೂಪುಗೊಂಡ ಬೇಟೆನಾಯಿಗಳಲ್ಲಿ ಇದು ಸಾಮಾನ್ಯ. ಅವು ನಿಲ್ಲುವುದನ್ನೋ ಮಲಗುವುದನ್ನೋ ಇಷ್ಟಪಡುತ್ತವೆ, ಕೂರುವುದು ಅವುಗಳಿಗೆ ಆರಾಮದ ಭಂಗಿಯಲ್ಲ. ಇಂಥ ಹೊತ್ತಿನಲ್ಲಿ ಸೊಂಟವನ್ನು ಕೈಯಿಂದ ಒತ್ತಿ ಕೂರಿಸುವವರಿದ್ದಾರೆ. ಅದರಿಂದ ಮರಿಗೆ ನೋವಾಗುತ್ತದೆ, ಕಲಿಸುವವರ ಕೈ ಎಂದರೆ ಭಯ ಹುಟ್ಟುತ್ತದೆ, ಪಾಠವಂತೂ ತಲೆಗೆ ಹತ್ತುವುದಿಲ್ಲ.

ಹೀಗಾಗಿ ಪಾಠದ ಕ್ರಮವನ್ನೇ ಬದಲಿಸಿದೆವು. ಶಾಂತವಾಗಿರಲು ಹೇಳುವ ಭಂಗಿಯಾಗಿ ಮಲಗುವುದನ್ನು ತೆಗೆದುಕೊಂಡೆವು, ಅದನ್ನೂ ಟೈಲ್ಸ್ ಮೇಲೆ ಕಲಿಸದೆ ಕೌದಿಯ ಮೇಲೆ ಕಲಿಸಿದೆವು. ನಿಂತ ಮರಿಯ ಮೂಗಿನಿಂದ ತಿನಿಸನ್ನು ಮುಂಗಾಲುಗಳ ನಡುವೆ ಕೆಳಕ್ಕೆ ಇಳಿಸಿ, ಸ್ವಲ್ಪ ಎದೆಯ ಕಡೆಗೆ ತಳ್ಳಿದಾಗ ಮರಿ ಮೊದಲು ಮೊಣಕೈ ಊರಿತು, ಹಿಂಭಾಗ ಮೇಲೆಯೇ ಇತ್ತು. ಮೊಣಕೈ ಊರಿದ್ದಕ್ಕೇ ‘ಭೇಷ್’. ಅದು ಸಲೀಸಾದ ಮೇಲೆ ಹಿಂಭಾಗ ಇಳಿದಾಗ ಮಾತ್ರ ‘ಭೇಷ್’. ಕಷ್ಟವಾದದ್ದನ್ನು ಹೀಗೆ ಮೆಟ್ಟಿಲುಗಳಾಗಿ ಒಡೆದು ಪ್ರತಿ ಮೆಟ್ಟಿಲಿಗೂ ಕೂಲಿ ಕೊಟ್ಟರೆ ಮರಿ ಬೇಸರವಿಲ್ಲದೆ ಮೇಲೇರುತ್ತದೆ. ಭಂಗಿ ಗಟ್ಟಿಯಾದ ನಂತರವೇ ‘ಮಲ್ಕೋ’ ಎಂದು ಹೇಳತೊಡಗಿದೆವು. ಅರ್ಥವಾಗದ ಮಾತನ್ನು ಮೊದಲೇ ನೂರು ಸಲ ಹೇಳುವುದರಿಂದ ಆ ಮಾತಿನ ಬೆಲೆ ಕಳೆಯುತ್ತದೆ. ಕುಂದ್ರು ಎಂಬುದನ್ನು ಆಮೇಲೆ, ಹಿಂಗಾಲಿಗೆ ಬಲ ಬಂದ ಮೇಲೆ, ಹುಲ್ಲಿನ ಮೇಲೆ ಕಲಿಸಿದೆವು. ಈಗಲೂ ಅದನ್ನು ಕ್ಷಣಕಾಲಕ್ಕಷ್ಟೇ ಕೇಳುತ್ತೇವೆ.

ಈ ಹಂತದಲ್ಲಿ ಅವ್ವ ಎತ್ತಿದ ಪ್ರಶ್ನೆ ಸರಿಯಾದದ್ದಾಗಿತ್ತು: “ಅಲ್ಲಪಾ, ಕೈಯಾಗ ತಿನಿಸು ಇದ್ದಾಗ ಮಲಗತೈತಿ, ಇಲ್ಲದಾಗ ಯಾರ ಮಾತು ಕೇಳತೈತಿ?” ತಿನಿಸನ್ನು ತೋರಿಸಿ ಕೆಲಸ ಮಾಡಿಸುವುದಕ್ಕೂ, ಕೆಲಸ ಮಾಡಿದ ಮೇಲೆ ಕೊಡುವುದಕ್ಕೂ ಇರುವ ಅಂತರವೇ ಇದಕ್ಕೆ ಉತ್ತರ. ಕೆಲವು ಸಲ ತಿನಿಸಿನ ಕೈಯಿಂದ ದಾರಿ ತೋರಿಸಿದ ಮೇಲೆ, ಅದೇ ಚಲನೆಯನ್ನು ಖಾಲಿ ಕೈಯಿಂದ ಮಾಡಿ, ಮರಿ ಮಲಗಿದಾಗ ಇನ್ನೊಂದು ಕೈಯಿಂದ ಹಿಂದಿದ್ದ ಡಬ್ಬಿಯ ತಿನಿಸು ಕೊಟ್ಟೆವು. ಮುಂದೆ ಕೈಯ ಚಲನೆಯನ್ನು ಚಿಕ್ಕದಾಗಿಸುತ್ತಾ ಹೋದೆವು. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲವೂ ಕೊಡದೆ, ಯಾವ ಸಲ ಸಿಗುತ್ತದೆ ಎಂದು ಮರಿಗೆ ತಿಳಿಯದಂತೆ ಕೊಟ್ಟರೆ ಅಭ್ಯಾಸ ಇನ್ನಷ್ಟು ಭದ್ರವಾಗುತ್ತದೆ. ಈಗ ಚಿಗರಿಯನ್ನು ಅವ್ವನೇ ಬರಿಗೈ ತೋರಿಸಿ ಮಲಗಿಸುತ್ತಾರೆ.

ಒಂದು ಪಾಠ ಎರಡು ಮೂರು ನಿಮಿಷ ಮೀರಬಾರದು. ದಿನಕ್ಕೆ ಹಲವು ಸಲ, ಮರಿಗೆ ಇನ್ನೂ ಬೇಕೆನ್ನಿಸುವಾಗಲೇ ನಿಲ್ಲಿಸಬೇಕು. ‘ಜಾಗಾ’ ಪಾಠದಲ್ಲಿ ಹೊತ್ತು, ದೂರ, ಗದ್ದಲ ಇವು ಮೂರನ್ನೂ ಒಟ್ಟಿಗೆ ಹೆಚ್ಚಿಸದೆ, ಒಂದನ್ನು ಹೆಚ್ಚಿಸುವಾಗ ಉಳಿದೆರಡನ್ನು ಇಳಿಸಿಕೊಳ್ಳುತ್ತಾ ಬಂದೆವು.

ಹಲ್ಲು, ಸೆರಗು ಮತ್ತು ‘ಬಿಡು’

ಮರಿಗೆ 28 ಹಾಲುಹಲ್ಲುಗಳಿರುತ್ತವೆ. ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಉದುರತೊಡಗಿ, ಆರೇಳು ತಿಂಗಳಿಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಈ ನಡುವಿನ ಕಚ್ಚಾಟ ಹಟದಿಂದ ಹುಟ್ಟಿದ್ದಲ್ಲ, ಒಸಡಿನ ಉರಿಯಿಂದ ಬಂದದ್ದು. ಒದ್ದೆ ಬಟ್ಟೆಯನ್ನು ಹಗ್ಗದಂತೆ ಹೊಸೆದು ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ ಕೊಟ್ಟರೆ ಮರಿಗೆ ಬಹಳ ಹಾಯೆನಿಸುತ್ತದೆ. ಕೈಗೆ ಹಲ್ಲು ಒತ್ತಿದಾಗ ಕೂಗಾಡದೆ, ಕೈ ಕೊಡವದೆ, ಎದ್ದು ಆಚೆ ಹೋಗಿ ಸ್ವಲ್ಪ ಹೊತ್ತು ಆಟ ನಿಲ್ಲಿಸುತ್ತಿದ್ದೆವು. ಮರಿಗೆ ಆಟ ನಿಲ್ಲುವುದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ಈ ತಳಿಯ ನಿಜವಾದ ಸಮಸ್ಯೆ ಸೆರಗು. ನೆಲದ ಮೇಲೆ ಎಳೆದುಕೊಂಡು ಹೋಗುವ ಸೀರೆಯ ಅಂಚು, ಗಾಳಿಗೆ ಹಾರುವ ಧೋತರದ ಚುಂಗು, ಓಡುವ ಮಕ್ಕಳ ಲಂಗ, ಇವೆಲ್ಲ ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಮೊಲದಂತೆಯೇ ಕಾಣುತ್ತವೆ. ಬೆನ್ನಟ್ಟುವ ಆಸೆಯನ್ನು ಹೊಡೆದು ಅಡಗಿಸಲು ಸಾಧ್ಯವಿಲ್ಲ, ಅದಕ್ಕೆ ಬೇರೆ ದಾರಿ ತೋರಿಸಬೇಕು. ಒಂದು ಮೀಟರ್ ಉದ್ದದ ಬಿದಿರು ಕೋಲಿನ ತುದಿಗೆ ತೂತು ಕೊರೆದು, ಅದಕ್ಕೆ ಕೋಲಿನ ಒಂದೂವರೆ ಪಟ್ಟು ಉದ್ದದ ಹತ್ತಿಯ ಹಗ್ಗ ಕಟ್ಟಿ, ಹಗ್ಗದ ತುದಿಗೆ ಹಳೆಯ ಇಳಕಲ್ ಸೀರೆಯ ತುಂಡನ್ನು ಗಂಟು ಹಾಕಿದೆವು. ಇದನ್ನು ನೆಲಕ್ಕೆ ಹತ್ತಿರವಾಗಿಯೇ ಎಳೆಯಬೇಕು, ಮರಿ ಮೇಲಕ್ಕೆ ನೆಗೆಯುವಂತೆ, ಥಟ್ಟನೆ ತಿರುಗುವಂತೆ ಆಡಿಸಬಾರದು. ಎತ್ತರದ ತಳಿಗಳಲ್ಲಿ ಮೂಳೆಗಳ ಬೆಳವಣಿಗೆಯ ತುದಿಗಳು ಮುಚ್ಚಿಕೊಳ್ಳಲು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು.

ಇದೇ ಕೋಲು ಎರಡು ಪಾಠಗಳನ್ನು ಕಲಿಸಿತು. ಬಟ್ಟೆ ನೆಲದ ಮೇಲೆ ಸುಮ್ಮನಿದ್ದಾಗ ‘ತಡಿ’ ಎಂದು, ಮರಿ ನುಗ್ಗದೆ ನಿಂತರೆ ಬಟ್ಟೆಗೆ ಜೀವ ಬರುತ್ತಿತ್ತು. ಹಿಡಿದ ಮೇಲೆ ಎಳೆದಾಡದೆ ಕೋಲನ್ನು ಸಡಿಲಬಿಟ್ಟು, ಮೂಗಿನ ಬಳಿ ಕೋಳಿಯ ತುಂಡು ಹಿಡಿದು, ಬಾಯಿ ತೆರೆದ ಕ್ಷಣದಲ್ಲಿ ‘ಭೇಷ್’ ಎಂದು ತಿನಿಸು ಕೊಟ್ಟು ಮತ್ತೆ ಆಟ ಮುಂದುವರಿಸಿದೆವು. ‘ಬಿಡು’ ಎಂದರೆ ಇದ್ದದ್ದು ಹೋಗುವುದಿಲ್ಲ, ಇನ್ನೂ ಒಳ್ಳೆಯದು ಸಿಗುತ್ತದೆ ಎಂದು ಮರಿಗೆ ಮನವರಿಕೆಯಾದದ್ದು ಹೀಗೆ. ಬಾಯೊಳಗೆ ಬೆರಳು ಹಾಕಿ ಕಿತ್ತುಕೊಳ್ಳುವವರ ನಾಯಿಗಳು ವಸ್ತುವನ್ನು ಕಾಯಲು, ಗುರುಗುಟ್ಟಲು ಕಲಿಯುತ್ತವೆ. ಗುರುಗುಟ್ಟಿದ್ದಕ್ಕೆ ಹೊಡೆಯುವುದು ಇನ್ನೂ ಕೆಟ್ಟದ್ದು, ಎಚ್ಚರಿಕೆ ಕೊಡುವುದನ್ನು ಬಿಟ್ಟ ನಾಯಿ ನೇರವಾಗಿ ಕಚ್ಚುತ್ತದೆ.

ಪಟ್ಟಿ ಮತ್ತು ಹಗ್ಗ

ಮುಧೋಳದ ತಲೆ ಸಪೂರ, ಕೊರಳೂ ತಲೆಯೂ ಹೆಚ್ಚುಕಡಿಮೆ ಒಂದೇ ಅಗಲ. ಸಾಮಾನ್ಯ ಕೊರಳಪಟ್ಟಿ ಹಾಕಿ ಹೊರಟಾಗ ಮರಿ ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಕಳಚಿಬರುತ್ತದೆ, ರಸ್ತೆಯಲ್ಲಿ ಅದು ಪ್ರಾಣಕ್ಕೆ ಸಂಚಕಾರ. ಅಗಲವಾದ, ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಈ ತಳಿಗೆ ಸರಿಯಾದದ್ದು. ಉದ್ದನೆಯ ಹಗ್ಗವನ್ನು ಮಾತ್ರ ಎಂದಿಗೂ ಕೊರಳಿಗೆ ಕಟ್ಟಬಾರದು, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಬೇಕು. ಪೂರ್ತಿ ವೇಗದಲ್ಲಿ ಓಡಿದ ಮರಿ ಹಗ್ಗದ ತುದಿ ಮುಟ್ಟಿದಾಗ ಕೊರಳಿಗೆ ಬೀಳುವ ಪೆಟ್ಟು ಸಣ್ಣದಲ್ಲ.

ಹಗ್ಗ ಬಿಗಿಯಾದರೆ ನಾವು ನಿಲ್ಲುವುದು, ಸಡಿಲವಾದರೆ ನಡೆಯುವುದು, ಇಷ್ಟೇ ನಿಯಮ. ಮನೆಯ ಎಲ್ಲರೂ ಪಾಲಿಸಿದರೆ ಮಾತ್ರ ಇದು ಕೆಲಸ ಮಾಡುತ್ತದೆ. ಲಸಿಕೆಯ ಸರಣಿ ಮುಗಿಯುವವರೆಗೆ ಬೀದಿಯ ನೆಲಕ್ಕೆ ಇಳಿಸದೆ, ಮರಿಗಳಿಗೆ ಅಂಟುವ ಮಾರಕ ಪಾರ್ವೊ ರೋಗದ ಭಯದಿಂದ ಎದೆಗವಚಿಕೊಂಡೇ ಸುಭಾಸ ರಸ್ತೆಯ ಗದ್ದಲ, ಆಟೋ, ಹಸು, ತರಕಾರಿ ಗಾಡಿ, ಟೋಪಿ ಹಾಕಿದವರು, ಕೋಲು ಹಿಡಿದ ಅಜ್ಜಂದಿರು ಎಲ್ಲರನ್ನೂ ತೋರಿಸಿ ತಂದೆವು. ಮರಿಯ ಮನಸ್ಸು ಹೊಸದನ್ನು ಹೆದರಿಕೆಯಿಲ್ಲದೆ ಸ್ವೀಕರಿಸುವ ಕಾಲ ಹೆಚ್ಚುಕಡಿಮೆ ಹದಿನಾಲ್ಕನೆಯ ವಾರಕ್ಕೆ ಮುಗಿಯತೊಡಗುತ್ತದೆ, ಲಸಿಕೆಗಳ ಸರಣಿ ಹದಿನಾರನೆಯ ವಾರದವರೆಗೆ ಸಾಗುತ್ತದೆ. ಎರಡಕ್ಕೂ ನ್ಯಾಯ ಸಲ್ಲಬೇಕಾದರೆ ಮರಿಯನ್ನು ಎತ್ತಿಕೊಂಡು ತಿರುಗುವುದೊಂದೇ ದಾರಿ.

ಸೀಟಿ

ಎಲ್ಲ ಪಾಠಗಳಲ್ಲಿ ಹೆಚ್ಚು ಶ್ರಮ ಬೇಡಿದ್ದು ಮತ್ತು ಹೆಚ್ಚು ಬೆಲೆಯುಳ್ಳದ್ದು ಕರೆಗೆ ಬರುವ ಪಾಠ. ಆರು ತಿಂಗಳ ಒಳಗೆ ಮರಿ ಮನೆಯವರನ್ನು ಬಿಟ್ಟು ದೂರ ಹೋಗಲು ಅಂಜುತ್ತದೆ, ಆಮೇಲೆ ಕಾಲು ಬಲಿತು ಕಣ್ಣು ದೂರಕ್ಕೆ ಹೊರಳುತ್ತದೆ. ಆ ಮೊದಲ ಕಾಲದಲ್ಲೇ ಸೀಟಿಯನ್ನು ರಕ್ತಗತ ಮಾಡಬೇಕೆಂದು ನಿರ್ಧರಿಸಿದ್ದೆವು. ಊಟದ ತಟ್ಟೆ ಇಡುವ ಮುನ್ನ ಎರಡು ಚಿಕ್ಕ ಸೀಟಿ, ಪ್ರತಿ ಊಟಕ್ಕೂ. ಆಮೇಲೆ ಪಡಸಾಲೆಯ ಈ ತುದಿಗೆ ನಾನು, ಆ ತುದಿಗೆ ಮಗಳು ನಿಂತು ಸರದಿಯಂತೆ ಊದುವುದು. ಆಮೇಲೆ ಕಾಣದ ಕೋಣೆಯಿಂದ, ಆಮೇಲೆ ಹಿತ್ತಲಿನಿಂದ. ಸೀಟಿಗೆ ಬಂದ ಮರಿಗೆ ಸಿಗುವುದು ಯಾವಾಗಲೂ ಕೋಳಿಮಾಂಸವೇ, ಒಣ ಕಾಳಲ್ಲ.

ಮುರಿಯಬಾರದ ನಿಯಮಗಳು ಕೆಲವಿದ್ದವು. ಸ್ನಾನ ಮಾಡಿಸಲು, ಔಷಧ ಹಾಕಲು, ಆಟ ನಿಲ್ಲಿಸಲು ಸೀಟಿ ಊದುವಂತಿಲ್ಲ. ಅಂಥ ಕೆಲಸಕ್ಕೆ ನಾವೇ ಹೋಗಿ ಕರೆತರಬೇಕು. ಎಷ್ಟೇ ತಡವಾಗಿ ಬಂದರೂ ಬಂದ ನಾಯಿಯನ್ನು ಬೈಯುವಂತಿಲ್ಲ. ಬಂದ ಮರಿಯ ಪಟ್ಟಿಯನ್ನು ಮೆಲ್ಲನೆ ಹಿಡಿದು, ತಿನಿಸು ಕೊಟ್ಟು, ಮತ್ತೆ ಬಿಡಬೇಕು. ಹಿಡಿದರೆ ಸ್ವಾತಂತ್ರ್ಯ ಮುಗಿಯಿತು ಎಂದು ಅದಕ್ಕೆ ಅನ್ನಿಸಬಾರದು.

ಬಯಲಿಗೆ ಹೋದ ಮೇಲೆ ಹತ್ತು ಮೀಟರಿನ ಹಗ್ಗ ಕಟ್ಟಿಯೇ ಅಭ್ಯಾಸ ಮಾಡಿಸಿದೆವು. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಗಿನ ಹೊತ್ತು ಅಳಿಲುಗಳೂ ಬೆಳ್ಳಕ್ಕಿಗಳೂ ಇರುತ್ತವೆ. ಅಲ್ಲಿ ಕಲಿತ ಒಂದು ಸಂಗತಿ ಈ ತಳಿ ಸಾಕುವ ಎಲ್ಲರಿಗೂ ತಿಳಿದಿರಬೇಕು. ಬೆನ್ನಟ್ಟುವುದಕ್ಕೆ ಮುನ್ನ ನಾಯಿ ಒಂದು ಕ್ಷಣ ಕಲ್ಲಾಗುತ್ತದೆ: ಹಿಂದಕ್ಕೆ ಮಡಚಿದ್ದ ಕಿವಿಗಳು ಬುಡದಿಂದ ಎದ್ದು ಮುಂದಕ್ಕೆ ಸೇರುತ್ತವೆ, ಬಾಯಿ ಮುಚ್ಚುತ್ತದೆ, ಕೊರಳು ಉದ್ದವಾಗುತ್ತದೆ, ಬಾಲ ಇಳಿದು ನಿಶ್ಚಲವಾಗುತ್ತದೆ, ಒಂದು ಮುಂಗಾಲು ನೆಲದಿಂದ ಬೆರಳಷ್ಟು ಮೇಲೇಳುತ್ತದೆ. ಸೀಟಿ ಕೇಳಿಸುವುದು ಆ ಕ್ಷಣದಲ್ಲಿ. ಓಟ ಕಿತ್ತ ಮೇಲೆ ಅದಕ್ಕೆ ಏನೂ ಕೇಳಿಸುವುದಿಲ್ಲ, ಆಗ ಊದಿದ ಸೀಟಿ ನಾಯಿಗೆ ಸೀಟಿಯನ್ನು ಅಲಕ್ಷಿಸಲು ಕಲಿಸುತ್ತದೆ. ಹೀಗಾಗಿ ಬಯಲಿನಲ್ಲಿ ಫೋನ್ ನೋಡದೆ, ನಾಯಿಯ ಕಿವಿಯನ್ನೇ ನೋಡುತ್ತಾ ನಿಲ್ಲಬೇಕು.

ಸೀಟಿಗೆ ತಿರುಗಿ ಬಂದಾಗ ಕೋಳಿಮಾಂಸಕ್ಕಿಂತ ದೊಡ್ಡ ಬಹುಮಾನ ಬೇಕೆಂದು ಕಂಡಾಗ ಬಿದಿರು ಕೋಲನ್ನು ಬಯಲಿಗೂ ಒಯ್ಯತೊಡಗಿದೆವು. ಅಳಿಲನ್ನು ಬಿಟ್ಟು ಬಂದದ್ದಕ್ಕೆ ಬೆನ್ನಟ್ಟಲು ಬೇರೊಂದು ಸಿಗುತ್ತದೆ ಎಂದಾದ ಮೇಲೆ ಚಿಗರಿಯ ಓಟದ ದಿಕ್ಕೇ ಬದಲಾಯಿತು. ಈಗ ಬೆಳ್ಳಕ್ಕಿ ಎದ್ದಾಗಲೂ ಅದು ಒಮ್ಮೆ ಹಿಂತಿರುಗಿ ಕೋಲು ಯಾರ ಕೈಯಲ್ಲಿದೆ ಎಂದು ನೋಡುತ್ತದೆ.

ದೀಪಾವಳಿ ಮತ್ತು ಮುಂದಿನ ಕೆಲಸ

ಪಟಾಕಿಯ ತಯಾರಿಯನ್ನು ಶ್ರಾವಣದಲ್ಲೇ ಶುರು ಮಾಡಿದ್ದೆವು. ಪಟಾಕಿಯ ಸದ್ದಿನ ಧ್ವನಿಮುದ್ರಣವನ್ನು ಮರಿ ಕಿವಿ ಅಲುಗಿಸುವಷ್ಟು ಮಾತ್ರ ಸಣ್ಣ ಧ್ವನಿಯಲ್ಲಿ ಹಾಕಿ, ಅದೇ ಹೊತ್ತಿಗೆ ಕೌದಿಯ ಮೇಲೆ ತಿನಿಸು ಚೆಲ್ಲಿ ಹುಡುಕಲು ಬಿಡುತ್ತಿದ್ದೆವು. ತಿನ್ನುವುದನ್ನು ನಿಲ್ಲಿಸಿದರೆ ಧ್ವನಿ ಹೆಚ್ಚಾಯಿತು ಎಂದರ್ಥ, ಅಲ್ಲಿಂದ ಒಂದು ಹಂತ ಇಳಿಸಬೇಕು. ಹಬ್ಬದ ಸಂಜೆಗಳಲ್ಲಿ ಬೆಳಕಿರುವಾಗಲೇ ಶೌಚಕ್ಕೆ ಒಯ್ದು ತಂದು, ಕಿಟಕಿಗಳಿಗೆ ದಪ್ಪ ಹೊದಿಕೆ ಕಟ್ಟಿ, ಒಳಕೋಣೆಯಲ್ಲಿ ಕೌದಿ ಹಾಸಿದೆವು. ಹತ್ತಿರದ ಸ್ಫೋಟಗಳಿಗೆ ನಡುಗಿತು, ದೂರದವುಗಳಿಗೆ ತಲೆ ಎತ್ತಿ ಮತ್ತೆ ಮಲಗಿತು. ನಡುಗಿದಾಗ ಪಕ್ಕದಲ್ಲಿ ಕೂತು ಮೈಸವರಿದೆವು. ಸಮಾಧಾನ ಹೇಳಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಉಳಿದಿರುವ ದೊಡ್ಡ ಕೆಲಸ ಕುರಿಹಿಂಡು. ಊರ ಹೊರಗಿನ ಬಯಲಲ್ಲಿ ಸುಗ್ಗಿಯ ನಂತರ ಕುರಿಗಾರರು ಹಿಂಡು ತಂದು ನಿಲ್ಲಿಸುತ್ತಾರೆ. ಹಿಂಡು ಚುಕ್ಕೆಯಂತೆ ಕಾಣುವಷ್ಟು ದೂರದಿಂದ ಆರಂಭಿಸಿ, ಮರಿ ಅದನ್ನು ನೋಡಿಯೂ ತಿನಿಸು ತಿನ್ನುವುದನ್ನು ಬಿಡದಷ್ಟು ಶಾಂತವಾಗಿದ್ದರೆ ಮಾತ್ರ ಕೆಲವು ಹೆಜ್ಜೆ ಹತ್ತಿರ ಹೋಗುವ ಯೋಜನೆಯಿದೆ. ಕುರಿಗಾರರಿಗೆ ಮುಂಚಿತವಾಗಿ ಹೇಳಿ, ಅವರ ನಾಯಿಗಳಿಂದ ದೂರದಲ್ಲಿ, ಹಾರ್ನೆಸ್‌ಗೆ ಹಗ್ಗ ಕಟ್ಟಿಕೊಂಡೇ. ಮೊದಲ ಬೆದೆಯ ಕಾಲವೂ ಹತ್ತಿರವಾಗಿರುವುದರಿಂದ ಆ ವಾರಗಳಲ್ಲಿ ಬಯಲಿನ ಪಾಠ ನಿಲ್ಲಿಸಿ ಹಿತ್ತಲಿಗೆ ಸೀಮಿತವಾಗಬೇಕಾಗುತ್ತದೆ. ಸೀಟಿಯ ಪಾಠ ಎಷ್ಟೇ ಗಟ್ಟಿಯಾದರೂ, ಬೇಲಿಯಿಲ್ಲದ ಜಾಗದಲ್ಲಿ ಈ ನಾಯಿಯ ಹಗ್ಗ ಬಿಚ್ಚುವುದಿಲ್ಲ ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದೇವೆ.